ವಾಲ್ವ್ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟುವುದು: ಹೆಡ್‌ಫೋನ್ ಕಟ್ಟಕಡೆಗೆ ಹಾಕಿ

ಮಂಗಳೂರಲ್ಲಿ ನಾವು ಏಳೆಂಟು ಮಂದಿ ಆದಿತ್ಯವಾರ ಒಬ್ಬರ ಮನೆಯ ಚಾವಡಿಯಲ್ಲಿ ಕೂತು ಈ ವಾಲ್ವ್ ಆಂಪ್ಲಿಫೈಯರ್ (ವಾಲ್ವ್ ಅಂದರೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ) ಕಟ್ಟುತ್ತೇವೆ. ಉಡುಪಿ, ಮಣಿಪಾಲ, ಸುರತ್ಕಲ್ ಕಡೆಯಿಂದಲೂ ಕೆಲವರು ಬಂದು ಭಾಗಗಳನ್ನು ಮನೆಗೆ ಒಯ್ಯುತ್ತಾರೆ. ಆಮೇಲೆ ಬರುವ ಫೋನ್ ಹೆಚ್ಚು ಕಮ್ಮಿ ಒಂದೇ. "ಎಲ್ಲ ಸರಿ ಮಾಡಿದ್ದೇನೆ ಮಾರಾಯ್ರೆ, ಆದ್ರೂ ಎಂತ ಸೌಂಡೂ ಇಲ್ಲ." ಕೇಳಿದರೆ ಗೊತ್ತಾಗುತ್ತದೆ: ಇಡೀ ಬೋರ್ಡ್ ಒಂದೇ ರಾತ್ರಿ ಸೋಲ್ಡರ್ ಮಾಡಿ, ವಾಲ್ವ್ ಚುಚ್ಚಿ, ಮನೆಯಲ್ಲಿದ್ದ ಒಳ್ಳೇ ಹೆಡ್‌ಫೋನನ್ನೇ ಸಿಕ್ಕಿಸಿ ಸ್ವಿಚ್ ಒತ್ತಿದ್ದಾರೆ. ಆಗ ತಪ್ಪು ಇಪ್ಪತ್ತು ಕಡೆ ಇರಬಹುದು. ಎಲ್ಲಿ ಅಂತ ಹುಡುಕುವುದು?

ಹಾಗಾಗಿ ಇದರಲ್ಲಿ ಒಂದೇ ನಿಯಮ. ಒಂದು ತುಂಡು ಕಟ್ಟಿ, ಅಳೆದು, ಸರಿಯಿದ್ದರೆ ಮಾತ್ರ ಮುಂದಿನ ತುಂಡು.

## ಯಾವ ಸರ್ಕ್ಯೂಟ್, ಯಾಕೆ

ಮೊದಲ ಸಲ ಕಟ್ಟುವವರಿಗೆ 12 ವೋಲ್ಟಿನ ಸರ್ಕ್ಯೂಟೇ ಸಾಕು. ಇನ್ನೂರು ಮುನ್ನೂರು ವೋಲ್ಟಿನ ವಾಲ್ವ್ ಆಂಪ್ಲಿಫೈಯರ್ ನಕ್ಷೆಗಳು ನೋಡಲು ಚಂದ, ಆದರೆ ಅವುಗಳ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ, ಕೈ ತಾಗಿದರೆ ಜೀವಕ್ಕೇ ಅಪಾಯ. ಅದು ಮೂರನೆಯದೋ ನಾಲ್ಕನೆಯದೋ ಪ್ರಾಜೆಕ್ಟ್ ಆಗಲಿ.

ನಮ್ಮದರಲ್ಲಿ ಒಂದೇ ಒಂದು 12ಎಯು7 ವಾಲ್ವ್ ಉಂಟು. ಇಸಿಸಿ82 ಅಂದರೂ ಅದೇ. ಒಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲ್ ಏರಿಸುವ ಎರಡು ಬೇರೆಬೇರೆ ಭಾಗ, ಇರುವುದರಿಂದ ಎಡಕ್ಕೆ ಒಂದು, ಬಲಕ್ಕೆ ಒಂದು. ವಾಲ್ವ್ ಸಿಗ್ನಲ್ ಅನ್ನು ದೊಡ್ಡದು ಮಾಡುತ್ತದೆ. ಆದರೆ 12 ವೋಲ್ಟಿನಲ್ಲಿ ಅದಕ್ಕೆ ಹೆಡ್‌ಫೋನ್ ತಳ್ಳುವಷ್ಟು ಕರೆಂಟ್ ಕೊಡಲು ಆಗುವುದಿಲ್ಲ. ಆ ಕೆಲಸಕ್ಕೆ ಪ್ರತಿ ಚಾನೆಲ್‌ಗೆ ಒಂದು ಐಆರ್‌ಎಫ್510 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಅದರ ಕೆಳಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯಲು ಒಂದು ಎಲ್‌ಎಂ317 ರೆಗ್ಯುಲೇಟರ್ ಐಸಿ. "ಇದು ಪೂರ್ತಿ ವಾಲ್ವ್ ಅಲ್ವಲ್ಲಾ" ಅಂತ ಮೂಗು ಮುರಿಯುವವರು ಇದ್ದಾರೆ. ಮುರಿಯಲಿ.

## ಬೇಕಾದ ಸಾಮಾನು

ಒಬ್ಬೊಬ್ಬರೇ ತರಿಸಿದರೆ ಕೊರಿಯರ್ ಖರ್ಚೇ ಜಾಸ್ತಿಯಾಗುತ್ತದೆ. ನಾವು ಒಟ್ಟು ಪಟ್ಟಿ ಮಾಡಿ, ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಿಂದ ತರಿಸುತ್ತೇವೆ. ವಾಲ್ವ್ ಮತ್ತು ಒಂಬತ್ತು ಪಿನ್ನಿನ ಸಾಕೆಟ್ ಮಾತ್ರ ಆನ್‌ಲೈನ್.

ಎರಡು ಚಾನೆಲ್‌ಗೆ ಸೇರಿ:

- 12ಎಯು7 ಒಂದು, ಸಾಕೆಟ್ ಒಂದು
- ಐಆರ್‌ಎಫ್510 ಎರಡು, ಎಲ್‌ಎಂ317 ಎರಡು (ಬೆನ್ನಿಗೆ ಲೋಹದ ಟ್ಯಾಬ್ ಇರುವ ದೊಡ್ಡ ನಮೂನೆಯದ್ದು)
- ಹೀಟ್‌ಸಿಂಕ್ ನಾಲ್ಕು, ಮೈಕಾ ವಾಷರ್, ಪ್ಲಾಸ್ಟಿಕ್ ಬುಷ್, ಹೀಟ್‌ಸಿಂಕ್ ಪೇಸ್ಟ್
- 10 ಓಮ್ 1 ವ್ಯಾಟ್ ರೆಸಿಸ್ಟರ್ ನಾಲ್ಕು
- ಕಾಲು ವ್ಯಾಟಿನ ರೆಸಿಸ್ಟರ್ (ಕೆ ಅಂದರೆ ಸಾವಿರ ಓಮ್, ಮೆಗ್ ಅಂದರೆ ಹತ್ತು ಲಕ್ಷ ಓಮ್): 1 ಮೆಗ್ ನಾಲ್ಕು, 220ಕೆ ಎರಡು, 10ಕೆ ಎರಡು, 1ಕೆ ಆರು, 100 ಓಮ್ ಎರಡು
- 100ಕೆ ಪ್ರೀಸೆಟ್ (ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಎರಡು
- ಫಿಲ್ಮ್ ಕೆಪಾಸಿಟರ್ (ಎಂಎಫ್‌ಡಿ ಅಂದರೆ ಮೈಕ್ರೋಫ್ಯಾರಡ್): 0.1 ಎಂಎಫ್‌ಡಿ ಮೂರು, 0.22 ಎಂಎಫ್‌ಡಿ ಎರಡು
- ಎಲೆಕ್ಟ್ರೋಲಿಟಿಕ್, ಎಲ್ಲ 25 ವೋಲ್ಟ್: 1000 ಎಂಎಫ್‌ಡಿ ಎರಡು, 470 ಒಂದು, 2200 ಒಂದು
- 50ಕೆ ಸ್ಟೀರಿಯೋ ವಾಲ್ಯೂಮ್ ಪಾಟ್ (ತಿರುಗಿಸುವ ಕಂಟ್ರೋಲ್), ಮೈ ಮೇಲೆ ಎ ಅಕ್ಷರ ಇರುವಂಥದ್ದು
- ಎಲ್‌ಇಡಿ, 1 ಆಂಪಿಯರ್ ಫ್ಯೂಸ್, ಸ್ವಿಚ್, ಇನ್‌ಪುಟ್ ಮತ್ತು ಹೆಡ್‌ಫೋನ್ ಜ್ಯಾಕ್
- 12 ವೋಲ್ಟ್ 2 ಆಂಪಿಯರ್ ಡಿಸಿ ಅಡಾಪ್ಟರ್, ಬಿಐಎಸ್ (ಸರಕಾರದ ಗುಣಮಟ್ಟದ) ಗುರುತು ಇರುವಂಥದ್ದು

ಪಾಟ್ ಮೇಲೆ ಬಿ ಅಂತ ಇದ್ದರೆ ಅದು ಲೀನಿಯರ್. ಅದನ್ನು ಹಾಕಿದರೆ ಸ್ವಲ್ಪ ತಿರುಗಿಸುವಾಗಲೇ ಸೌಂಡ್ ಒಮ್ಮೆಲೇ ಏರಿಬಿಡುತ್ತದೆ. ಅಡಾಪ್ಟರ್ 1 ಆಂಪಿಯರಿನದ್ದು ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಓಡುವಾಗ ಎಳೆಯುವುದು ಸುಮಾರು 650 ಮಿಲಿಆಂಪಿಯರ್ ನಿಜ. ಆದರೆ ವಾಲ್ವ್ ತಣ್ಣಗಿರುವಾಗ ಅದರ ಹೀಟರಿನ ಓಮ್ ತುಂಬಾ ಕಡಿಮೆ, ಶುರುವಿನ ಕ್ಷಣದಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಸಣ್ಣ ಅಡಾಪ್ಟರ್ ಆಗ ಆಫ್ ಆಗಿ ಆನ್ ಆಗಿ ಆಟ ಆಡಲು ಶುರು ಮಾಡಬಹುದು.

ವಾಲ್ವ್ ಕೊಳ್ಳುವಾಗ ಜಾಗ್ರತೆ. 6ಡಿಜೆ8 ಅಥವಾ ಇಸಿಸಿ88 ಇದೇ ಸಾಕೆಟ್ಟಿಗೆ ಸಲೀಸಾಗಿ ಕೂರುತ್ತದೆ. ಆದರೆ ಅದರ ಹೀಟರ್ 6.3 ವೋಲ್ಟಿನದ್ದು. 12 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ. 12ಎಎಕ್ಸ್7 ಸುಡುವುದಿಲ್ಲ, ಆದರೆ ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದರ ಕೈಯಲ್ಲಿ ಕೆಲಸ ಆಗುವುದಿಲ್ಲ.

ಉಪಕರಣ ಅಂತ ದೊಡ್ಡದೇನೂ ಬೇಡ. 25 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ವೈರ್, ಕಟರ್, ನೋಸ್ ಪ್ಲಾಯರ್, ಡಿಸೋಲ್ಡರ್ ಪಂಪ್, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಶ್. ಮಲ್ಟಿಮೀಟರ್ ಇಲ್ಲದೆ ಮಾತ್ರ ಶುರು ಮಾಡಲೇಬೇಡಿ. ಮತ್ತೊಂದು, ಹೋದರೆ ಹೋಗಲಿ ಅನ್ನುವಂಥ ಅಗ್ಗದ ಇಯರ್‌ಫೋನ್. ನಾವು ಅದಕ್ಕೆ ಬಲಿ ಇಯರ್‌ಫೋನ್ ಅನ್ನುತ್ತೇವೆ.

## ಹಂತ 1: ಸೋಲ್ಡರ್ ಮಾಡುವ ಮೊದಲು ಅಳೆಯುವುದು

ಪ್ರತಿ ರೆಸಿಸ್ಟರನ್ನೂ ಮೀಟರಿನಲ್ಲಿ ನೋಡಿ. ಬಣ್ಣದ ಗೆರೆ ಓದುವುದರಲ್ಲಿ 1ಕೆ ಮತ್ತು 10ಕೆ ಅದಲು ಬದಲಾಗುವುದು ತೀರಾ ಮಾಮೂಲು, ಅದೂ ರಾತ್ರಿ ಹಳದಿ ಬಲ್ಬಿನಡಿಯಲ್ಲಿ ಕೂತರೆ ಕೇಳುವುದೇ ಬೇಡ.

ನಮ್ಮ ಕರಾವಳಿಯ ಉಪ್ಪು ಗಾಳಿಗೆ ಹಳೇ ಸ್ಟಾಕಿನ ಕಾಲುಗಳು ಕಪ್ಪಾಗಿರುತ್ತವೆ. ಕಪ್ಪು ಕಾಲಿಗೆ ಸೋಲ್ಡರ್ ಹಿಡಿಯುವುದಿಲ್ಲ, ಹಿಡಿದ ಹಾಗೆ ಕಾಣುತ್ತದೆ ಅಷ್ಟೆ. ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಹೊಳಪು ಬಂದ ಮೇಲೆ ಹಾಕಿ.

## ಹಂತ 2: ಗ್ರೌಂಡ್ ಎಲ್ಲಿ ಅಂತ ಮೊದಲೇ ನಿರ್ಧಾರ

ಗ್ರೌಂಡ್ ಅಂದರೆ ಎಲ್ಲ ಭಾಗಗಳೂ ಬಂದು ಸೇರುವ ಮೈನಸ್ ಬದಿ. 2200 ಎಂಎಫ್‌ಡಿ ಕೆಪಾಸಿಟರಿನ ಮೈನಸ್ ಕಾಲನ್ನು ಗ್ರೌಂಡಿನ ಮೂಲ ಅಂತ ಇಟ್ಟುಕೊಳ್ಳಿ. ಎಲ್ಲ ಗ್ರೌಂಡ್ ವೈರ್ ಅಲ್ಲಿಗೇ ಬೇರೆಬೇರೆಯಾಗಿ ಬರಲಿ: ವಾಲ್ವಿನದ್ದು ಒಂದು, ಹೀಟರಿನದ್ದು ಒಂದು, ಎರಡೂ ಎಲ್‌ಎಂ317ರದ್ದು ಒಂದೊಂದು, ಹೆಡ್‌ಫೋನ್ ಜ್ಯಾಕಿನದ್ದು ಒಂದು. ಇನ್‌ಪುಟ್ ಜ್ಯಾಕ್ ಮತ್ತು ಪಾಟಿನ ಗ್ರೌಂಡನ್ನು ವಾಲ್ವಿನ ಗ್ರೌಂಡಿಗೇ ಸೇರಿಸಿ. ಒಂದರಿಂದ ಇನ್ನೊಂದಕ್ಕೆ ಹಾರಿಸುತ್ತಾ ಹೋದರೆ ಹೀಟರಿನ 150 ಮಿಲಿಆಂಪಿಯರೂ ಮಾಸ್‌ಫೆಟ್ಟಿನ 250 ಮಿಲಿಆಂಪಿಯರೂ ಇನ್‌ಪುಟ್ ವೈರಿನಲ್ಲೇ ಹರಿಯುತ್ತವೆ, ಆಮೇಲೆ ಬರುವ ಗದ್ದಲವನ್ನು ಯಾವ ಕೆಪಾಸಿಟರ್ ಹಾಕಿಯೂ ತೆಗೆಯಲು ಆಗುವುದಿಲ್ಲ.

## ಹಂತ 3: ಪವರ್ ಭಾಗ ಮಾತ್ರ

ಅಡಾಪ್ಟರ್ ಜ್ಯಾಕ್, ಸ್ವಿಚ್, ಫ್ಯೂಸ್, 2200 ಎಂಎಫ್‌ಡಿ, ಅದರ ಪಕ್ಕ ಒಂದು 0.1, ಮತ್ತೆ 1ಕೆ ಮೂಲಕ ಎಲ್‌ಇಡಿ. ಇಷ್ಟೇ ಹಾಕಿ, ಸ್ವಿಚ್ ಆಫ್ ಇಟ್ಟೇ ಅಡಾಪ್ಟರ್ ಚುಚ್ಚಿ, ಜ್ಯಾಕಿನ ಕಾಲಲ್ಲಿ ಅಳೆಯಿರಿ. 12 ವೋಲ್ಟ್ ಬರಬೇಕು. ಮೀಟರಿನಲ್ಲಿ ಮೈನಸ್ ಚಿಹ್ನೆ ಬಂದರೆ ಅಡಾಪ್ಟರಿನ ಪ್ಲಗ್ಗಿನ ಧ್ರುವ ಉಲ್ಟಾ. ಇಲ್ಲಿ ಗೊತ್ತಾದರೆ ಬಚಾವ್, ಆನ್ ಮಾಡಿದ ಮೇಲೆ ಗೊತ್ತಾದರೆ ಕೆಪಾಸಿಟರ್ ಸಿಡಿಯಬಹುದು. ಸರಿಯಿದ್ದರೆ ಆನ್ ಮಾಡಿ, 2200ರ ಮೇಲೂ 12 ವೋಲ್ಟ್ ಬರಬೇಕು.

ನಂತರ 12 ವೋಲ್ಟಿನಿಂದ 1ಕೆ ಮೂಲಕ ಇನ್ನೊಂದು ಬಿಂದುವಿಗೆ ಬನ್ನಿ, ಅಲ್ಲಿಂದ ಗ್ರೌಂಡಿಗೆ 470 ಎಂಎಫ್‌ಡಿ. ಇದು ಸೋಸಿದ ಸಪ್ಲೈ. ಅಡಾಪ್ಟರಿನ ಸ್ವಿಚಿಂಗ್ ಗದ್ದಲ ವಾಲ್ವಿಗೆ ಹೋಗದ ಹಾಗೆ ತಡೆಯುವುದು ಇದೇ ಜೋಡಿ. ಉಳಿತಾಯ ಅಂತ ಇದನ್ನು ಬಿಟ್ಟವರೆಲ್ಲ ಆಮೇಲೆ ಹಾಕಿದ್ದಾರೆ.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಉಂಗುರ, ಬಳೆ, ಸ್ಟೀಲ್ ವಾಚ್ ಹಾಕಿಕೊಂಡು ಕೂರಬೇಡಿ. ಲೋಹ ಶಾರ್ಟ್ ಆದರೆ ಕಾದು ಚರ್ಮ ಸುಡುತ್ತದೆ.

## ಹಂತ 4: ಸಾಕೆಟ್ ಮತ್ತು ಹೀಟರ್

ಇಲ್ಲಿ ನಾನೇ ಎಡವಿದ್ದು. ಸಾಕೆಟ್ಟನ್ನು ಕೆಳಗಿನಿಂದ ನೋಡಿದಾಗ, ಖಾಲಿ ಜಾಗದ ನಂತರ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 1ರಿಂದ 9. ನಾನು ಮೇಲಿನಿಂದ ನೋಡಿ ಅದೇ ದಿಕ್ಕಿನಲ್ಲಿ ಎಣಿಸಿದೆ. ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತು: 1 ಇರಬೇಕಾದಲ್ಲಿ 9, 4 ಇರಬೇಕಾದಲ್ಲಿ 6. 5 ಒಂದೇ ಸರಿ. ವಾಲ್ವ್ ಕೆಟ್ಟಿದೆ ಅಂತ ಎರಡು ದಿನ ಬೈದುಕೊಂಡೆ. ಸಾಕೆಟ್ಟಿನ ಕೆಳಗೆ ಮಾರ್ಕರಿನಲ್ಲಿ 1 ಅಂತ ಬರೆದುಕೊಳ್ಳಿ, ನಾಚಿಕೆ ಎಂತ?

ಹೀಟರಿಗೆ 4ಕ್ಕೆ ಗ್ರೌಂಡ್, 5ಕ್ಕೆ 12 ವೋಲ್ಟ್. 9 ಖಾಲಿ ಬಿಡಿ. ಸೋಸುವ 1ಕೆಯ ಆಚೆಯಿಂದ ಹೀಟರಿಗೆ ಕೊಡಬೇಡಿ, ನೇರ 12 ವೋಲ್ಟಿನಿಂದಲೇ ಕೊಡಿ. ವಾಲ್ವ್ ಚುಚ್ಚಿ ಆನ್ ಮಾಡಿದರೆ ಅರ್ಧ ನಿಮಿಷದಲ್ಲಿ ಒಳಗೆ ಕಿತ್ತಳೆ ಬಣ್ಣದ ಸಣ್ಣ ಬೆಳಕು ಬರುತ್ತದೆ. ಹಗಲಲ್ಲಿ ಕಾಣದಿರಬಹುದು, ಗಾಜು ಮುಟ್ಟಿ ನೋಡಿ, ಬೆಚ್ಚಗಿರಬೇಕು. ಕೆಲವು ವಾಲ್ವ್ ಆನ್ ಮಾಡಿದ ಕೂಡಲೇ ಫಕ್ಕನೆ ಒಮ್ಮೆ ಜೋರಾಗಿ ಬೆಳಗಿ ತಣಿಯುತ್ತವೆ. ಹೆದರಬೇಡಿ. ಗಾಜಿನ ತುದಿಯ ಬೆಳ್ಳಿ ಲೇಪ ಹಾಲಿನ ಬಿಳಿಗೆ ತಿರುಗಿದ್ದರೆ ಮಾತ್ರ ಒಳಗೆ ಗಾಳಿ ಹೋಗಿದೆ ಅಂತ ಅರ್ಥ, ಆ ವಾಲ್ವ್ ಮುಗಿಯಿತು.

ಬೆಳಗಿದ್ದು ನೋಡಿ ಫೋಟೋ ತೆಗೆದಾಯಿತೇ? ಈಗ ವಾಲ್ವ್ ತೆಗೆದು ಬದಿಗಿಡಿ.

## ಹಂತ 5: ಮಾಸ್‌ಫೆಟ್ ಮತ್ತು ಎಲ್‌ಎಂ317, ವಾಲ್ವ್ ಇಲ್ಲದೆ

ಜಾಸ್ತಿ ಬೋರ್ಡ್ ಸಾಯುವುದು ಇಲ್ಲೇ, ಹಾಗಾಗಿ ಸಾವಕಾಶ. ಅಕ್ಷರ ಬರೆದ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇಟ್ಟು ಎಡದಿಂದ ಎಣಿಸಿ. ಐಆರ್‌ಎಫ್510ರಲ್ಲಿ ಗೇಟ್, ಡ್ರೈನ್, ಸೋರ್ಸ್. ಎಲ್‌ಎಂ317ರಲ್ಲಿ ಅಡ್ಜಸ್ಟ್, ಔಟ್, ಇನ್.

ಡ್ರೈನ್ ನೇರ 12 ವೋಲ್ಟಿಗೆ. ಸೋರ್ಸ್ ಎಲ್‌ಎಂ317ರ ಇನ್‌ಗೆ. ಔಟ್ ಕಾಲಿನಿಂದ ಎರಡು 10 ಓಮ್ ಪಕ್ಕಪಕ್ಕ (ಪ್ಯಾರಲಲ್), ಅಂದರೆ 5 ಓಮ್, ಗ್ರೌಂಡಿಗೆ. ಅಡ್ಜಸ್ಟ್ ಕಾಲೂ ಗ್ರೌಂಡಿಗೆ. ಗೇಟಿಗೆ ಬಯಾಸ್, ಅಂದರೆ ಹಾಡು ಇಲ್ಲದಾಗಲೂ ನಿಂತಿರುವ ಒಂದು ವೋಲ್ಟೇಜ್, ಬೇಕು: ಸೋಸಿದ ಸಪ್ಲೈಯಿಂದ 220ಕೆ, ಗ್ರೌಂಡಿಗೆ 1 ಮೆಗ್, ಎರಡೂ ಸೇರುವಲ್ಲಿಂದ 100 ಓಮ್ ಮೂಲಕ ಗೇಟ್. ಈ 100 ಓಮ್ ಗೇಟಿನ ಕಾಲಿಗೆ ಅಂಟಿಕೊಂಡ ಹಾಗೇ ಇರಬೇಕು. ದೂರ ಇಟ್ಟರೆ ಮಾಸ್‌ಫೆಟ್ ತನ್ನಷ್ಟಕ್ಕೆ ಆಸಿಲೇಟ್ ಆಗಬಹುದು (ಕಿವಿಗೆ ಕೇಳದಷ್ಟು ವೇಗದಲ್ಲಿ ಕಂಪಿಸಬಹುದು), ನಿಮಗೆ ಸೌಂಡ್ ಕೇಳುವುದಿಲ್ಲ, ಸುಮ್ನೆ ಬಿಸಿಯಾಗುತ್ತಾ ಇರುತ್ತದೆ.

ಈಗ ಹೀಟ್‌ಸಿಂಕ್. ಪ್ರತಿ ಚಾನೆಲ್ ಸುಮಾರು 3 ವ್ಯಾಟ್ ಶಾಖ ಬಿಡುತ್ತದೆ, ಹಾಡು ನಿಂತಿದ್ದರೂ ಅಷ್ಟೇ. ಹೀಟ್‌ಸಿಂಕ್ ಇಲ್ಲದೆ "ಒಂದ್ಸಲ ನೋಡುವ" ಅಂತ ಆನ್ ಮಾಡಬೇಡಿ. ಮತ್ತೆ ನೆನಪಿಡಿ, ಮಾಸ್‌ಫೆಟ್ಟಿನ ಟ್ಯಾಬ್ ಅಂದರೆ ಡ್ರೈನ್, ಅಲ್ಲಿ 12 ವೋಲ್ಟ್ ಉಂಟು. ಎಲ್‌ಎಂ317ರ ಟ್ಯಾಬ್ ಅದರ ಔಟ್. ಎರಡನ್ನೂ ಒಂದೇ ಅಲ್ಯೂಮಿನಿಯಂ ತಗಡಿಗೆ ಮೈಕಾ ಇಲ್ಲದೆ ಬಿಗಿದರೆ ಸೀದಾ ಶಾರ್ಟ್. ಬಿಗಿದ ಮೇಲೆ ಟ್ಯಾಬ್ ಮತ್ತು ತಗಡಿನ ನಡುವೆ ಮೀಟರಿನ ಬೀಪ್ ಬರಬಾರದು. ಬಂದರೆ ಸ್ಕ್ರೂಗೆ ಬುಷ್ ಹಾಕಿಲ್ಲ ಅಂತ ಲೆಕ್ಕ.

ಆನ್ ಮಾಡಿ ಮೂರು ಕಡೆ ಅಳೆಯಿರಿ:

1. 5 ಓಮಿನ ಎರಡು ತುದಿಗಳ ನಡುವೆ 1.25 ವೋಲ್ಟ್. ಅಂದರೆ 250 ಮಿಲಿಆಂಪಿಯರ್ ಹರಿಯುತ್ತಿದೆ. ಬೇರೆ ಏನೇ ಬಂದರೂ ಮೊದಲು ಔಟ್ ಮತ್ತು ಅಡ್ಜಸ್ಟ್ ಕಾಲು ಅದಲು ಬದಲಾಗಿದೆಯಾ ನೋಡಿ.
2. 220ಕೆ, 1 ಮೆಗ್ ಸೇರುವಲ್ಲಿ ಹತ್ತು ವೋಲ್ಟಿನ ಹತ್ತಿರ.
3. ಸೋರ್ಸಿನಲ್ಲಿ 5ರಿಂದ 7.5 ವೋಲ್ಟ್. ಇದು ಒಂದೊಂದು ಮಾಸ್‌ಫೆಟ್ಟಿಗೆ ಒಂದೊಂದು ಥರ. ಎರಡು ಚಾನೆಲ್ ನಡುವೆ ಅರ್ಧ ವೋಲ್ಟ್ ಹೆಚ್ಚು ಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಸೋರ್ಸಿನಲ್ಲಿ ಸರೀ 12 ಬಂದರೆ ಮಾಸ್‌ಫೆಟ್ ಒಳಗೇ ಶಾರ್ಟ್ ಆಗಿದೆ. 4ಕ್ಕಿಂತ ಕಡಿಮೆ ಬಂದರೆ ಎಲ್‌ಎಂ317ಕ್ಕೆ ಕೆಲಸ ಮಾಡಲು ಜಾಗ ಸಾಲದು, ಹಾಡಿನ ಕೆಳಗಿನ ಅರ್ಧ ಕತ್ತರಿಸಿ ಹೋಗುತ್ತದೆ.

ಹತ್ತು ನಿಮಿಷ ಬಿಟ್ಟು ಹೀಟ್‌ಸಿಂಕ್ ಮುಟ್ಟಿ. ಐದು ಸೆಕೆಂಡ್ ಬೆರಳಿಡಲು ಆದರೆ ಸರಿ. ಆಗದಿದ್ದರೆ ದೊಡ್ಡದು ಹಾಕಿ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಡಿಸೆಂಬರಿನಲ್ಲಿ ಪಾಸಾದದ್ದು ಆಗ ಫೇಲಾಗುತ್ತದೆ.

## ಹಂತ 6: ವಾಲ್ವಿನ ಸುತ್ತಲಿನದ್ದು

ಕ್ಯಾಥೋಡ್ 3 ಮತ್ತು 8 ಗ್ರೌಂಡಿಗೆ. ಸಿಗ್ನಲ್ ಒಳಹೋಗುವ ಗ್ರಿಡ್ 2 ಮತ್ತು 7. ಅದು ದೊಡ್ಡದಾಗಿ ಹೊರಬರುವ ಪ್ಲೇಟ್ 1 ಮತ್ತು 6. ಅಂದರೆ 1, 2, 3 ಒಂದು ಚಾನೆಲ್. 6, 7, 8 ಇನ್ನೊಂದು.

ಪಾಟಿನ ನಡು ಕಾಲಿನಿಂದ 0.1 ಎಂಎಫ್‌ಡಿ, ಅದರಾಚೆ 1ಕೆ, ಅದು ಗ್ರಿಡ್ಡಿಗೆ. ಗ್ರಿಡ್ಡಿನಿಂದ ಗ್ರೌಂಡಿಗೆ 1 ಮೆಗ್. ಆ 0.1 ಬಿಟ್ಟರೆ ಪಾಟ್ ತಿರುಗಿಸಿದಾಗಲೆಲ್ಲ ವಾಲ್ವಿನ ಬಯಾಸ್ ಬದಲಾಗಿ ಕರಕರ ಬರುತ್ತದೆ. ಪ್ಲೇಟಿಗೆ ಸೋಸಿದ ಸಪ್ಲೈಯಿಂದ 10ಕೆ ಮತ್ತು ಪ್ರೀಸೆಟ್ ಒಂದರ ಹಿಂದೆ ಒಂದು. ಪ್ಲೇಟಿನಿಂದ 0.22 ಎಂಎಫ್‌ಡಿ ಮೂಲಕ ಆ 220ಕೆ, 1 ಮೆಗ್ ಸೇರುವ ಜಾಗಕ್ಕೆ.

ವಾಲ್ವ್ ಚುಚ್ಚಿ ಎರಡು ನಿಮಿಷ ಕಾಯಿರಿ. ಪ್ರೀಸೆಟ್ ತಿರುಗಿಸಿ ಪ್ಲೇಟಿನಲ್ಲಿ 6ರಿಂದ 8 ವೋಲ್ಟ್ ಬರುವ ಹಾಗೆ ಇಡಿ. ವಾಲ್ವಿನಿಂದ ವಾಲ್ವಿಗೆ ಇದು ಬದಲಾಗುತ್ತದೆ, ಅದಕ್ಕೇ ಪ್ರೀಸೆಟ್. ಪೂರ್ತಿ ತಿರುಗಿಸಿದರೂ ಹತ್ತಕ್ಕಿಂತ ಕೆಳಗೆ ಬರದಿದ್ದರೆ ವಾಲ್ವಿನಲ್ಲಿ ದಮ್ಮಿಲ್ಲ, ಇಲ್ಲವೇ ಕ್ಯಾಥೋಡ್ ಗ್ರೌಂಡಿಗೆ ತಾಗಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಸ್ವಲ್ಪ ಜಾರಿರುತ್ತದೆ.

## ಹಂತ 7: ಔಟ್‌ಪುಟ್

1000 ಎಂಎಫ್‌ಡಿಯ ಪ್ಲಸ್ ಸೋರ್ಸಿಗೆ, ಮೈನಸ್ ಹೆಡ್‌ಫೋನ್ ಕಡೆಗೆ. ಹೆಡ್‌ಫೋನ್ ತುದಿಯಿಂದ ಗ್ರೌಂಡಿಗೆ 1ಕೆ. ಈ ಕೆಪಾಸಿಟರ್ ಒಂದೇ ನಿಮ್ಮ ಹೆಡ್‌ಫೋನ್ ಮತ್ತು ಆರು ವೋಲ್ಟ್ ಡಿಸಿಯ ನಡುವೆ ನಿಂತಿರುವುದು. ಉಲ್ಟಾ ಹಾಕಿದರೆ ಅದು ಸೋರಿ ಕಾಯಿಲ್ ಸುಡಬಹುದು.

ಜ್ಯಾಕಿಗೆ ಏನೂ ಚುಚ್ಚದೆ ಆನ್ ಮಾಡಿ, ಒಂದು ನಿಮಿಷದ ನಂತರ ಜ್ಯಾಕಿನಲ್ಲಿ ಡಿಸಿ ಅಳೆಯಿರಿ. ಮೀಟರ್ ಮಿಲಿವೋಲ್ಟಿನಲ್ಲಿರಲಿ. ಹತ್ತಕ್ಕಿಂತ ಕಡಿಮೆ ಬಂದರೆ ಮುಂದೆ ಹೋಗಿ. ಜಾಸ್ತಿಯಿದ್ದು ಇಳಿಯದೆ ನಿಂತರೆ ಕೆಪಾಸಿಟರ್ ಬದಲಾಯಿಸಿ.

## ಹಂತ 8: ಮೊದಲ ಸಲ ಕೇಳುವುದು

ಬಲಿ ಇಯರ್‌ಫೋನ್ ತನ್ನಿ. ವಾಲ್ಯೂಮ್ ಪೂರ್ತಿ ಕೆಳಗೆ. ಆನ್ ಮಾಡಿ, ಒಂದು ನಿಮಿಷ ಕಾದು, ಆಮೇಲೆ ಚುಚ್ಚಿ. ಕಿವಿಗೆ ಹಾಕಬೇಡಿ, ಸ್ವಲ್ಪ ದೂರ ಹಿಡಿದು ವಾಲ್ಯೂಮ್ ಏರಿಸಿ. ಮುಂದೆಯೂ ಇದೇ ಕ್ರಮ ಅಭ್ಯಾಸವಾಗಲಿ, ಯಾಕಂದರೆ ಆನ್ ಮಾಡುವಾಗ ದೊಡ್ಡ ಕೆಪಾಸಿಟರ್ ಚಾರ್ಜ್ ಆಗುವ "ಧಡ್" ಹೆಡ್‌ಫೋನಿಗೇ ಹೋಗುತ್ತದೆ.

ಪರೀಕ್ಷೆಗೆ ನಾನು ಯಕ್ಷಗಾನದ ರೆಕಾರ್ಡಿಂಗ್ ಹಾಕುತ್ತೇನೆ. ಭಾಗವತರ ದನಿ ನಡುವಲ್ಲಿ ನಿಲ್ಲಬೇಕು. ಒಂದು ಕಡೆ ವಾಲಿದರೆ ಎರಡು ಪ್ಲೇಟಿನ ವೋಲ್ಟೇಜ್ ಮತ್ತೆ ನೋಡಿ, ಪಾಟಿನ ಎರಡು ಭಾಗ ಸರಿಸಮ ಇಲ್ಲದೆಯೂ ಹೀಗಾಗುತ್ತದೆ. ಚೆಂಡೆಯ ಪೆಟ್ಟು ಜೋರಾದಾಗ ಹರಿದ ಹಾಗೆ ಕೇಳಿದರೆ ಸೋರ್ಸಿನ ವೋಲ್ಟ್ ತುಂಬಾ ಕೆಳಗಿದೆ ಅಥವಾ ಪ್ಲೇಟ್ ಸರಿ ಜಾಗದಲ್ಲಿಲ್ಲ. ಜಾಗಟೆಯ ಬಾಲ ಉದ್ದಕ್ಕೆ ಕೇಳಿಸಿದರೆ ನಿಮ್ಮ ಬೋರ್ಡ್ ಗೆದ್ದಿತು.

## ಗದ್ದಲದಿಂದ ರೋಗ ಪತ್ತೆ

ಯಾವ ಗದ್ದಲ ಅಂತ ಸರಿಯಾಗಿ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಗುಂಯ್ ಅಂತ ದಪ್ಪ ಸ್ವರ, ಪಾಟ್ ಮುಟ್ಟಿದಾಗ ಕಡಿಮೆಯಾಗುತ್ತದೆ: ಪಾಟಿನ ಲೋಹದ ಮೈಯನ್ನು ಗ್ರೌಂಡಿಗೆ ಸೇರಿಸಿಲ್ಲ. ಹಲಸಿನ ಮರದ ಪೆಟ್ಟಿಗೆ ಮಾಡಿದವರಿಗೆಲ್ಲ ಇದು ಬಂದಿದೆ. ಮರ ಚಂದ, ಆದರೆ ತಡೆ ಇಲ್ಲ. ಒಳಗೆ ಅಲ್ಯೂಮಿನಿಯಂ ತಗಡು ಹಾಕಿ ಗ್ರೌಂಡ್ ಮಾಡಿ.

ಕೀಂ ಅಂತ ಸಣ್ಣ ಸ್ವರ: ಅಡಾಪ್ಟರ್. ಬೇರೆ ಅಡಾಪ್ಟರ್ ಹಾಕಿ ನೋಡಿ. ಚಾರ್ಜರ್ ಹಾಕಿದ ಲ್ಯಾಪ್‌ಟಾಪ್‌ನಿಂದ ಹಾಡು ಕೊಟ್ಟಾಗ ಮಾತ್ರ ಬಂದರೆ ತಪ್ಪು ನಿಮ್ಮ ಬೋರ್ಡಿನದ್ದಲ್ಲ, ಚಾರ್ಜರ್ ತೆಗೆದರೆ ಹೋಗುತ್ತದೆ.

ಟಿಂಗ್ ಅಂತ, ಪೆಟ್ಟಿಗೆಗೆ ತಟ್ಟಿದಾಗ: ಅದು ವಾಲ್ವಿನ ಗುಣ. ಸ್ವಲ್ಪ ಇದ್ದೇ ಇರುತ್ತದೆ. ತುಂಬಾ ಇದ್ದರೆ ಸಾಕೆಟ್ಟಿನ ಕೆಳಗೆ ರಬ್ಬರ್ ವಾಷರ್.

ರೇಡಿಯೋ ಕೇಳಿಸುತ್ತದೆ: ನಗಬೇಡಿ, ನಮ್ಮಲ್ಲೇ ಒಬ್ಬರಿಗೆ ವಾರ್ತೆ ಕೇಳಿಸಿದೆ. ಗ್ರಿಡ್ಡಿನ 1ಕೆಯನ್ನು ಸಾಕೆಟ್ಟಿನ ಪಿನ್ನಿಗೇ ತಾಗಿಸಿ, ಪಾಟಿನಿಂದ ಬರುವ ವೈರ್ ಚಿಕ್ಕದು ಮಾಡಿ.

ಚಿಟಚಿಟ, ಅದೂ ಮಳೆಗಾಲದಲ್ಲಿ ಮಾತ್ರ: ನಮ್ಮ ಊರಿಗೇ ಮೀಸಲು ಅನ್ನಬಹುದಾದ ರೋಗ. ಮಾರ್ಚಿನಲ್ಲಿ ಚೆನ್ನಾಗಿದ್ದ ಬೋರ್ಡ್ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಲಾಟೆ ಮಾಡುತ್ತದೆ. ಕಾರಣ, ಬೋರ್ಡ್ ಮೇಲೆ ಉಳಿದ ಫ್ಲಕ್ಸ್, ಅಂದರೆ ಸೋಲ್ಡರ್ ವೈರಿನೊಳಗಿನ ಅಂಟು. ಅದು ತೇವ ಹೀರಿ ಸ್ವಲ್ಪ ಸ್ವಲ್ಪ ಕರೆಂಟ್ ಹರಿಯಲು ಬಿಡುತ್ತದೆ. 10 ಓಮಿನ ಹತ್ತಿರ ಇದು ಲೆಕ್ಕಕ್ಕಿಲ್ಲ, 1 ಮೆಗ್ ಇರುವಲ್ಲಿ ಮಾತ್ರ ದೊಡ್ಡ ಸಂಗತಿ. ಗ್ರಿಡ್ ಮತ್ತು ಗೇಟಿನ ಸುತ್ತ ಆಲ್ಕೋಹಾಲ್ ಹಾಕಿ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಇನ್ನೊಮ್ಮೆ. ತಿಕ್ಕಿ ಸುಮ್ಮನೆ ಒಣಗಲು ಬಿಟ್ಟರೆ ಫ್ಲಕ್ಸ್ ಬೋರ್ಡಿಡೀ ಹರಡುತ್ತದೆ ಅಷ್ಟೆ. ವಾಲ್ವಿನ ಪಿನ್ನನ್ನೂ ಒರೆಸಿ ಎರಡು ಮೂರು ಸಲ ಸಾಕೆಟ್ಟಿಗೆ ಹಾಕಿ ತೆಗೆಯಿರಿ.

## ಪೆಟ್ಟಿಗೆಗೆ ಹಾಕುವಾಗ

ವಾಲ್ವ್ ಮೇಲಕ್ಕೆ ನಿಲ್ಲಲಿ, ಹೀಟ್‌ಸಿಂಕ್ ಹತ್ತಿರ ಕೆಳಗೂ ಮೇಲೂ ತೂತು ಇರಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಹೀಟ್‌ಸಿಂಕಿಗೆ ತಾಗಿಸಿ ಇಡಬೇಡಿ, ಬಿಸಿಗೆ ಬೇಗ ಒಣಗುತ್ತದೆ. ತೂತು ಕೊರೆಯುವ ಕೆಲಸ ಬೋರ್ಡ್ ಹೊರಗಿರುವಾಗಲೇ ಮುಗಿಸಿ, ಅಲ್ಯೂಮಿನಿಯಂ ಪುಡಿ ಒಳಗೆ ಬಿದ್ದರೆ ಹಂತ 5ಕ್ಕೆ ವಾಪಸ್. ಪೆಟ್ಟಿಗೆಗೆ ಹಾಕಿದ ಮೇಲೆ ಹಂತ 5, 6, 7ರ ಅಳತೆ ಎಲ್ಲ ಇನ್ನೊಮ್ಮೆ ಮಾಡಿ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.

ಮುಂದೆ ಏನಾದರೂ ಕೆಟ್ಟು ನಮ್ಮ ಚಾವಡಿಗೆ ತರುವುದಾದರೆ ಆ ಚೀಟಿಯನ್ನೂ ತನ್ನಿ. ಸಿಡಿಲು ಬರುವ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನೇ ಪ್ಲಗ್ಗಿನಿಂದ ಕಿತ್ತಿಡಿ.